ಒಂದು ಬಂದರೆ ಒಂದು ಹೊರಗೆ

ವೀರರಾಜನ ಬಾಯಿ ಜಾರಿದ್ದು ಬಸದಿಯಲ್ಲಿ. ಬೇರೆಲ್ಲಾದರೂ ಜಾರಿದ್ದರೆ ನಾಲ್ಕು ಜನ ನಕ್ಕು ಮರೆತುಬಿಡುತ್ತಿದ್ದರು.

ಆ ವರ್ಷ ಮೂಡುಬಿದಿರೆಯಲ್ಲಿ ಒಬ್ಬರು ಮುನಿಗಳು ಚಾತುರ್ಮಾಸಕ್ಕೆ ನಿಂತಿದ್ದರು. ಒಂದು ದಿನದ ಪ್ರವಚನದಲ್ಲಿ ಪರಿಗ್ರಹದ ವಿಷಯ ಬಂತು. ಬೇಕಾದದ್ದಕ್ಕಿಂತ ಹೆಚ್ಚು ಕೂಡಿಹಾಕಿಕೊಂಡವನ ಮನಸ್ಸು ಹೇಗೆ ಕೆಡುತ್ತದೆ, ಸಂಸಾರಿಗಳು ತಮ್ಮ ವಸ್ತುಗಳಿಗೆ ಹೇಗೆ ಒಂದು ಮಿತಿ ಹಾಕಿಕೊಳ್ಳಬೇಕು ಎಂದು ಅವರು ಬಹಳ ಮೆತ್ತಗೆ ಹೇಳಿದರು. ಮುಗಿದ ಮೇಲೆ ಜನ ಒಬ್ಬೊಬ್ಬರಾಗಿ ಎದ್ದು ಕೈಮುಗಿದು ನಿಯಮ ತೆಗೆದುಕೊಂಡರು. ನಮ್ಮವರು ಬುದ್ಧಿವಂತರು, ಅದನ್ನು ಹೇಳಬೇಕಾದ್ದಿಲ್ಲ. ಅನನಾಸು ತಿಂದರೆ ಗಂಟಲು ತುರಿಸುವವರು ಅನನಾಸು ಬಿಟ್ಟರು. ಹಲ್ಲುನೋವಿನವರೊಬ್ಬರು ಚಕ್ಕುಲಿ ಬಿಟ್ಟರು. ಮೈಕು ವೀರರಾಜನ ಕೈಗೆ ಬಂದಾಗ ಅವನು ಏನೂ ಯೋಚಿಸಿರಲಿಲ್ಲ. ಪೇಟೆಯಲ್ಲಿ ಟಾರ್ಪಲ್, ಹಗ್ಗ, ಗೋಣಿಚೀಲದ ಅಂಗಡಿ ಇಟ್ಟುಕೊಂಡವನು, ನಾಲ್ಕು ಜನರ ಮುಂದೆ ಚಿಲ್ಲರೆ ನಿಯಮ ಹೇಳಲಿಕ್ಕೆ ನಾಚಿಕೆಯಾಯಿತೋ ಏನೋ, "ಇನ್ನು ನಮ್ಮ ಮನೆಯೊಳಗೆ ಒಂದು ವಸ್ತು ಬಂದರೆ ಒಂದು ವಸ್ತು ಹೊರಗೆ ಹೋಗ್ತದೆ" ಎಂದುಬಿಟ್ಟ. ಸಭೆಯಲ್ಲಿ ಒಂದು ಗುಜುಗುಜು ಎದ್ದಿತು. ಮುನಿಗಳು ಸಂತೋಷದಿಂದ ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು.

'ನಮ್ಮ ಮನೆ' ಎಂದನಲ್ಲ, ಹಾಗಾಗಿ ಹೆಂಗಸರ ಸಾಲಿನಲ್ಲಿ ಕೂತಿದ್ದ ಹೆಂಡತಿ ಅನಂತಮತಿಯೂ ಎದ್ದು ಕೈಮುಗಿಯಬೇಕಾಯಿತು. ಅವಳ ಹತ್ತಿರ ಅವನು ಒಂದು ಮಾತೂ ಕೇಳಿರಲಿಲ್ಲ.

ಮೊದಮೊದಲು ನಿಯಮ ಸಲೀಸಾಗಿಯೇ ನಡೆಯಿತು. ಹೊಸ ಕುಕ್ಕರ್ ಬಂದರೆ ಹಳೆಯದು ಹೋಯಿತು. ಚಪ್ಪಲಿ ಬಂದರೆ ಚಪ್ಪಲಿ. ಊರಿನಲ್ಲಿ ವೀರರಾಜನಿಗೆ ಒಂದು ಹೆಸರೂ ಬಂತು. ಮದುವೆಮನೆಯಲ್ಲಿ ಅವನನ್ನು ತೋರಿಸಿ ಇವರೇ ಆ ನಿಯಮದವರು ಎಂದು ಹೇಳುವವರಿದ್ದರು, ಅವನಿಗೂ ಅದು ಕಿವಿಗೆ ಇಂಪಾಗಿಯೇ ಕೇಳುತ್ತಿತ್ತು. ಹೀಗೆ ಮರ್ಯಾದೆಯಿಂದ ಇದ್ದವನು ಒಂದು ದಿನ ವ್ಯಾಪಾರದ ಮೇಲೆ ಬಂಟ್ವಾಳಕ್ಕೆ ಹೋದ. ಹೋದವನು ಸುಮ್ಮನೆ ಬರಬಹುದಿತ್ತು. ಅಲ್ಲಿನ ಬಿ.ಸಿ.ರೋಡು ಪೇಟೆಯಲ್ಲಿ ಅಬ್ದುಲ್ ವಹಾಬರ ಅಂಗಡಿಗೆ ಹೊಕ್ಕ.

ವಹಾಬರು ದುಬೈಯಲ್ಲಿ ದೊಡ್ಡ ದೊಡ್ಡ ಮನೆಗಳಿಗೆ ಸ್ಪೀಕರ್ ಕೂರಿಸುವ ಕೆಲಸ ಮಾಡಿ ಬಂದವರು. ವೀರರಾಜನ ಮನೆಯ ಐದು ಸ್ಪೀಕರುಗಳ ಹೋಮ್ ಥಿಯೇಟರ್, ಮಗಳು ತನ್ವಿಯ ಮದುವೆಯಾಗಿ ಅವಳು ಬೆಳ್ತಂಗಡಿಗೆ ಹೋದ ವರ್ಷ, ಮನೆ ಬಿಕೋ ಎನ್ನುತ್ತದೆ ಎಂದು ಅವರೇ ಹಾಕಿಕೊಟ್ಟದ್ದು. ಈಗ ಅಂಗಡಿಯ ಹಿಂದೆ ಒಂದು ಕತ್ತಲೆ ಕೋಣೆ ಮಾಡಿದ್ದಾರೆ, ಹೊಸದು ಬಂದಿದೆ, ಕೂತು ಕೇಳಿ ಎಂದರು. ವೀರರಾಜ ಕೂತ. ಪರದೆಯಲ್ಲಿ ಒಂದು ಕಾಡು, ಅದರಲ್ಲಿ ಮಳೆ. ಮಳೆ ತಲೆಯ ಮೇಲೆಯೇ ಹುಯ್ಯಿತು. ಟಾರ್ಪಲ್ ವ್ಯಾಪಾರಿ ಮಳೆಯ ಸದ್ದು ಕೇಳಿದ ಮೇಲೆ ತಲೆಯ ಮೇಲಿನ ಮಾಡು ನೋಡದೆ ಇರುತ್ತಾನೆಯೇ, ಕತ್ತು ಎತ್ತಿ ಎಲ್ಲಿ ಸೋರುತ್ತಿದೆ ಎಂದು ನೋಡಿದ. ವಹಾಬರು ನಕ್ಕರು. ಬೆನ್ನ ಹಿಂದೆ ಯಾರೋ ತರಗೆಲೆ ಮೆಟ್ಟಿಕೊಂಡು ಬಂದ ಹಾಗಾಯಿತು, ತಿರುಗಿಯೂ ನೋಡಿದ. ಹೊರಗೆ ಬಂದಾಗ ಅವನ ಮನಸ್ಸು ಅರ್ಧ ಒಳಗೇ ಉಳಿದಿತ್ತು.

ಲೆಕ್ಕ ಹೀಗೆ. ಹಳೆಯ ಐದನ್ನು ವಹಾಬರು ತೆಗೆದುಕೊಂಡು ಹೋಗುತ್ತಾರೆ, ಹೊಸ ಐದು ಬರುತ್ತವೆ. ಅದಕ್ಕೆ ಅದು ಸರಿಯಾಯಿತು. ಆದರೆ ಹೊಸದರಲ್ಲಿ ಬೆನ್ನ ಹಿಂದಿನ ಎರಡು, ಮಾಡಿನ ಎರಡು ಹೆಚ್ಚು. ನಾಲ್ಕು ಸ್ಪೀಕರ್ ಒಳಗೆ ಬರಬೇಕಾದರೆ ನಾಲ್ಕು ವಸ್ತು ಹೊರಗೆ ಹೋಗಬೇಕು.

ವೀರರಾಜ ಮನೆಯೆಲ್ಲ ಸುತ್ತಿದ. ಅಟ್ಟದಲ್ಲಿ ಅವನ ಹಳೆಯ ರೇಡಿಯೋ ಇತ್ತು. ಅದು ಹೋಗುವುದಿಲ್ಲ, ಅಪ್ಪನದು. ಅವನ ಎರಡನೇ ಕಪಾಟು ಇತ್ತು, ಅದು ಬೇಕಾಗುತ್ತದೆ. ಬೆಳಿಗ್ಗೆ ವ್ಯಾಯಾಮಕ್ಕೆಂದು ತಂದ ಸೈಕಲ್ ಇತ್ತು, ನಿಂತಲ್ಲೇ ತುಳಿಯುವ ಸೈಕಲ್. ಅದರ ಮೇಲೆ ಟವೆಲ್ ಒಣಗಿಸುತ್ತಿದ್ದ, ಆದರೂ ಮುಂದಿನ ತಿಂಗಳಿನಿಂದ ಶುರುಮಾಡುವ ಯೋಚನೆ ಉಂಟಲ್ಲ. ತನ್ನದು ಎಂದು ಕಂಡ ಒಂದೊಂದಕ್ಕೂ ಒಂದೊಂದು ಕಾರಣ ರೆಡಿಯಾಗಿ ನಿಂತಿತ್ತು. ಬೇರೆಯವರದ್ದಕ್ಕೆ ಯಾವ ಕಾರಣವೂ ಹೊಳೆಯಲಿಲ್ಲ ಎನ್ನುವುದು ಅವನಿಗೆ ಆಗ ಗಮನಕ್ಕೆ ಬರಲಿಲ್ಲ.

ವಹಾಬರು ಅಳತೆಗೆಂದು ಮೂಡುಬಿದಿರೆಗೆ ಬಂದರು. ಹಾಲ್‌ನಲ್ಲಿ ಸೋಫಾದ ನಡುವೆ ಕೂತರು, ಎದ್ದರು, ಒಮ್ಮೆ ಚಪ್ಪಾಳೆ ತಟ್ಟಿ ಗೋಡೆಗೆ ಕಿವಿಕೊಟ್ಟರು. ಆಮೇಲೆ ಸೋಫಾದ ಹಿಂದೆ ನೇತಾಡುತ್ತಿದ್ದ ಉಯ್ಯಾಲೆಯನ್ನು ಕೈಯಿಂದ ಮುಟ್ಟಿ ತಲೆಯಾಡಿಸಿದರು. ಹಿಂದಿನ ಎರಡು ಸ್ಪೀಕರುಗಳ ಸದ್ದಿಗೆ ಇದು ಅಡ್ಡ. ಮಾಡಿನ ಎರಡು ಬರಬೇಕಾದದ್ದು ಸರಿಯಾಗಿ ಇದರ ಕೊಂಡಿ ಇರುವ ಜಾಗಕ್ಕೆ.

"ಇದು ಇದ್ದರೆ ಹೊಸದು ಹಾಕಿ ಪ್ರಯೋಜನ ಇಲ್ಲ ವೀರಣ್ಣ," ಎಂದರು. "ಇರುವ ಐದೇ ಇರಲಿ. ಅದಕ್ಕೇನಾಗಿದೆ?"

ಮಾರುವವನೇ ಬೇಡ ಎಂದ ಮೇಲೆ ಕೊಳ್ಳುವವನಿಗೆ ಬುದ್ಧಿ ಬರಬೇಕಿತ್ತು. ಯೋಚನೆ ಮಾಡುವ ಎಂದ ವೀರರಾಜ. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅನಂತಮತಿಗೆ ಎಲ್ಲವೂ ಕೇಳಿಸಿತ್ತು. ಅವಳು ವಹಾಬರಿಗೆ ಸಕ್ಕರೆ ಸಾಕಾ ಎಂದು ಕೇಳಿ ಒಳಗೆ ಹೋದಳು.

ಉಯ್ಯಾಲೆ ಅವಳದು. ವೇಣೂರಿನ ತವರುಮನೆ ಪಾಲಾಗಿ ಎಲ್ಲರೂ ತಮತಮಗೆ ಬೇಕಾದದ್ದು ಹೇಳಿದಾಗ, ಅಣ್ಣ ಪದ್ಮಯ್ಯನ ಹತ್ತಿರ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಹಲಸಿನ ಹಲಗೆ, ನಾಲ್ಕು ಹಿತ್ತಾಳೆಯ ಸರಪಳಿ. ಮೂಡುಬಿದಿರೆಯ ಮನೆಗೆ ಸ್ಲ್ಯಾಬ್ ಹಾಕುವಾಗ ಕೊಂಡಿಗಳನ್ನು ಕೂರಿಸಲು ಅವಳೇ ಮೇಸ್ತ್ರಿಯ ಜೊತೆ ಬಿಸಿಲಲ್ಲಿ ನಿಂತಿದ್ದಳು. ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಮನೆ ಅದು. ಊಟದ ಮೇಲೆ ಮಲಗುವವರೆಗೆ ಉಳಿಯುವ ಆ ಉದ್ದ ಸಂಜೆಯನ್ನು ಅವಳು ಕಳೆಯುತ್ತಿದ್ದದ್ದು ಉಯ್ಯಾಲೆಯ ಮೇಲೆ, ಒಂದು ಕಾಲು ಮಡಚಿ, ಇನ್ನೊಂದು ಕಾಲಿನ ಹೆಬ್ಬೆರಳು ನೆಲಕ್ಕೆ ತಾಗಿಸಿ. ತನ್ವಿಯ ಜೊತೆ ಫೋನು ಅಲ್ಲೇ, ಮರುದಿನದ ಪಲ್ಯಕ್ಕೆ ಅಲಸಂಡೆ ಮುರಿಯುವುದು ಅಲ್ಲೇ, ಶಾಸ್ತ್ರದ ಪುಸ್ತಕ ಓದುವುದೂ ಅಲ್ಲೇ. ಗಂಡ ಮುಂದೆ ಸೋಫಾದಲ್ಲಿ ಕೂತು ಸಿನಿಮಾ ಹಾಕಿದರೆ ಹಿಂದಿನಿಂದ, ಇವನು ಒಳ್ಳೆಯವನಾ ಕೆಟ್ಟವನಾ ಎಂದು ಕೇಳುತ್ತಿದ್ದಳು. ಅವನು ಹೇಳುತ್ತಿದ್ದ.

ಉಯ್ಯಾಲೆ ತೆಗೆಯುವ ಎಂದು ವೀರರಾಜ ಒಮ್ಮೆಯೂ ಹೇಳಲಿಲ್ಲ. ಇದನ್ನು ನೆನಪಿಡಬೇಕು, ಯಾಕೆಂದರೆ ಅವನು ಮುಂದೆ ತನ್ನ ಮನಸ್ಸಿನೊಳಗೆ ಮತ್ತೆ ಮತ್ತೆ ಹೇಳಿಕೊಂಡದ್ದು ಇದೇ ಮಾತು. ಅವನು ಬರೀ ನೋಡಿದ. ಊಟಕ್ಕೆ ಕೂತಾಗ ನೋಡಿದ, ಪೇಪರಿನ ಮೇಲಿನಿಂದ ನೋಡಿದ. ಅವಳು ಬಟ್ಟೆ ಒಣಗಿಸಲು ಹೋದಾಗ ಹಲಗೆಯನ್ನು ಒಂದು ಬದಿಗೆ ಸರಿಸಿ ಹಿಡಿದು ಆಚೆ ಜಾಗ ಹೇಗೆ ಕಾಣುತ್ತದೆ ಎಂದು ನೋಡಿದ. ಕೊಂಡಿ ಸವೆದ ಹಾಗೆ ಉಂಟಲ್ಲ ಎಂದ ಒಂದು ದಿನ. ಹಾಲ್ ಈಗ ಯಾಕೋ ಇಕ್ಕಟ್ಟಾಗಿ ಕಾಣುತ್ತದೆ ಎಂದ ಇನ್ನೊಂದು ದಿನ. ಮುಂದಿನ ಮಾತು ಅವಳೇ ಹೇಳಲಿ ಎಂದು ಕಾಯುತ್ತಿದ್ದ, ಕಳ್ಳ. ಅವಳು ಹೂಂ ಎಂದು ತನ್ನ ಕೆಲಸಕ್ಕೆ ಹೋಗುತ್ತಿದ್ದಳು.

ಹಾಗೆ ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಅಂಗಡಿ ಮುಚ್ಚಿ ಬಂದರೆ ಹಾಲ್‌ನಲ್ಲಿ ಉಯ್ಯಾಲೆ ಇಲ್ಲ. ಮಾಡಿನಲ್ಲಿ ನಾಲ್ಕು ಕೊಂಡಿ, ಕೆಳಗೆ ಗುಡಿಸಿದ ನೆಲ.

ಸಿದ್ಧಕಟ್ಟೆಯ ಪ್ರೇಮಾವತಿ, ಅನಂತಮತಿಯ ಶಾಲೆಯ ಕಾಲದ ಗೆಳತಿ, ಪಿಕಪ್ ತಂದು ತೆಗೆದುಕೊಂಡು ಹೋದಳಂತೆ. ಇದನ್ನು ಅನಂತಮತಿ ಅನ್ನ ಬಡಿಸುತ್ತಾ ಹೇಳಿದಳು. ಹಲಗೆ ಒಂದು, ಸರಪಳಿ ನಾಲ್ಕು, ಒಟ್ಟು ಐದು ಹೊರಗೆ ಹೋಯಿತು, ನಿಮಗೆ ಬೇಕಾದದ್ದು ನಾಲ್ಕೇ ಅಲ್ಲವಾ ಎಂದಳು. ಕುಹಕದಿಂದ ಹೇಳಿದ್ದಲ್ಲ. ಲೆಕ್ಕ ಸರಿಯಾಗಿದೆಯಾ ನೋಡಿ ಎಂಬ ಹಾಗೆ ಹೇಳಿದ್ದು.

ವೀರರಾಜನಿಗೆ ಮೊದಲು ಬಂದದ್ದು ಸಂತೋಷ. ಮುಚ್ಚಿಟ್ಟು ಪ್ರಯೋಜನವಿಲ್ಲ, ಸಂತೋಷವೇ. ಕೈ ತೊಳೆದವನೇ ಅಂಗಳಕ್ಕೆ ಹೋಗಿ ವಹಾಬರಿಗೆ ಫೋನ್ ಮಾಡಿ ಹೊಸದನ್ನು ತರಿಸಲು ಹೇಳಿದ. ಫೋನ್ ಇಟ್ಟು ಒಳಗೆ ಬರುವಾಗ ಅವಳು ಹಾಲ್‌ನ ನಡುವೆ ಅಲಸಂಡೆಯ ಬುಟ್ಟಿ ಹಿಡಿದು ನಿಂತಿದ್ದಳು. ಎಲ್ಲಿ ಕೂರುವುದೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. 

ಇಲ್ಲಿ ಕೂತುಕೋ ಎಂದು ಸೋಫಾ ತೋರಿಸಿದ. ಕೂತಳು. ಸ್ವಲ್ಪ ಹೊತ್ತಿಗೆ ಎದ್ದು ಅಡುಗೆಮನೆಗೆ ಹೋದಳು, ಅಲ್ಲಿಂದ ಬಾಗಿಲಿಗೆ ಬಂದಳು, ಬಾಗಿಲಿಂದ ಅಡುಗೆಮನೆಗೆ ಹೋದಳು. ಮರುದಿನವೂ ಅದೇ. ಅದರ ಮರುದಿನ ತನ್ವಿ ವಿಡಿಯೋ ಕಾಲಿನಲ್ಲಿ, ಅಮ್ಮ ನೀವೆಲ್ಲಿ ನಿಂತಿದ್ದೀರಿ, ಹಿಂದೆ ಗ್ಯಾಸ್ ಸಿಲಿಂಡರ್ ಕಾಣ್ತದೆ ಎಂದು ಕೇಳಿದ್ದು ಸೋಫಾದಲ್ಲಿ ಕೂತ ಇವನಿಗೂ ಕೇಳಿಸಿತು. ಅನಂತಮತಿ ಹಾಲು ಕಾಯಿಸುತ್ತಿದ್ದೇನೆ ಎಂದಳು. ಬಾಗಿಲಿನಿಂದ ಕಾಣುತ್ತಿದ್ದ ಒಲೆ ಉರಿಯುತ್ತಿರಲಿಲ್ಲ. ತನ್ನ ಹೆಂಡತಿ ಸುಳ್ಳು ಹೇಳಿದ್ದನ್ನು ವೀರರಾಜ ಮದುವೆಯಾದಂದಿನಿಂದ ಮೊದಲ ಸಲ ಕೇಳಿದ್ದು.

ಅವನು ಆ ಸಂಜೆ ಸಿನಿಮಾ ಹಾಕಲಿಲ್ಲ. ತಾನೇನು ಕೇಳಿದ್ದೇನಾ, ಅವಳಾಗಿ ಕೊಟ್ಟದ್ದಲ್ಲವಾ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಷ್ಟೂ ಅದು ಹಳಸಿದ ಸಾರಿನ ಹಾಗೆ ರುಚಿ ಕೆಡುತ್ತಾ ಹೋಯಿತು.

ಮುಂಗಡ ಕೊಡಲಿಕ್ಕೆ ಬಿ.ಸಿ.ರೋಡಿಗೆ ಹೊರಟವನು ದಾರಿಯಲ್ಲಿ ಸಿದ್ಧಕಟ್ಟೆಯಲ್ಲಿ ಕಾರು ತಿರುಗಿಸಿದ. ಉಯ್ಯಾಲೆಯನ್ನು ವಾಪಸು ಕೇಳಿಬಿಡುವುದೆಂದು ನಿಶ್ಚಯ ಮಾಡಿದ್ದ. ಹೇಗೆ ಕೇಳುವುದೆಂದು ನಾಲ್ಕೈದು ವಾಕ್ಯ ಕೂಡ ಜೋಡಿಸಿಕೊಂಡಿದ್ದ, ಒಂದಕ್ಕಿಂತ ಒಂದು ನಯವಾದದ್ದು.

ಪ್ರೇಮಾವತಿ ಅವನನ್ನು ಕಂಡು ಬಹಳ ಖುಷಿಪಟ್ಟಳು. ಉಯ್ಯಾಲೆಯನ್ನು ಅವರ ಮನೆಯ ಚಾವಡಿಯಲ್ಲಿ ತೂಗುಹಾಕಿ ಆಗಿತ್ತು. ಅದರ ಮೇಲೆ ಅವಳ ಅತ್ತೆ ಕೂತಿದ್ದರು, ಸೊಂಟ ಮುರಿದುಕೊಂಡ ಮೇಲೆ ಒಳಕೋಣೆಯಿಂದ ಹೊರಗೆ ಬರಲು ಒಪ್ಪದಿದ್ದ ಮುದುಕಿ. ಈಗ ಬೆಳಿಗ್ಗೆ ಎದ್ದ ಕೂಡಲೇ ಉಯ್ಯಾಲೆಗೆ ಕರೆದುಕೊಂಡು ಹೋಗು ಎಂದು ಹಟ ಮಾಡುತ್ತಾರಂತೆ. ವೀರರಾಜ ಜೋಡಿಸಿಕೊಂಡಿದ್ದ ವಾಕ್ಯಗಳು ಅಲ್ಲೇ ಕಳಚಿಬಿದ್ದವು.

"ಈಗ ತಲೆನೋವು ಹೇಗುಂಟು ಭಾವ?" ಎಂದು ಕೇಳಿದಳು ಪ್ರೇಮಾವತಿ.

ಯಾವ ತಲೆನೋವು ಎಂದು ಅವನಿಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು: ಉಯ್ಯಾಲೆಯ ಕಿರ್ ಕಿರ್ ಸದ್ದಿಗೆ ನಿಮಗೆ ತಲೆಸಿಡಿತ ಬರುತ್ತದಂತೆ, ನಿದ್ದೆ ಕೂಡ ಇಲ್ಲವಂತೆ, ಡಾಕ್ಟರು ಮನೆಯಲ್ಲಿ ಯಾವ ಸದ್ದೂ ಬೇಡ ಎಂದಿದ್ದಾರಂತೆ. ಅನಂತ ಹೇಳಿದಳು, ಪಾಪ. ಇಲ್ಲದಿದ್ದರೆ ವೇಣೂರಿನ ಉಯ್ಯಾಲೆಯನ್ನು ಅವಳು ಯಾರಿಗಾದರೂ ಕೊಡುವವಳಾ? ನಾನು ಮೊದಲು ತಗೊಳ್ಳಲಿಕ್ಕೇ ಒಪ್ಪಿರಲಿಲ್ಲ ಭಾವ, ನಿಮ್ಮ ಆರೋಗ್ಯ ಅಂದದ್ದಕ್ಕೆ ಒಪ್ಪಿದ್ದು.

ಯಾವ ಸದ್ದೂ ಬೇಡ ಅಂತೆ!  ಕಾರಿನಲ್ಲಿ ಒಂಬತ್ತು ಸ್ಪೀಕರಿನ ಮುಂಗಡ ಇತ್ತು. ಸ್ವಲ್ಪ ಕಡಿಮೆ ಉಂಟು ಎಂದ ವೀರರಾಜ, ಅದೂ ಯೋಚಿಸದೆ ಬಾಯಿಗೆ ಬಂದದ್ದು. ಪ್ರೇಮಾವತಿ ತಾನೇ ಕಾಯಿಸಿದ ಎಣ್ಣೆಯ ಒಂದು ಬಾಟಲಿ ತಂದು, ಸಂಜೆ ನೆತ್ತಿಗೆ ಹಚ್ಚಿ ಎಂದು ಕೈಯಲ್ಲಿ ಇಟ್ಟಳು. ಅವನು ತೆಗೆದುಕೊಂಡ. ಹೆಂಡತಿ ತನ್ನ ಮರ್ಯಾದೆ ಉಳಿಸಲಿಕ್ಕೆ ಕಟ್ಟಿದ ಸುಳ್ಳನ್ನು ತಲೆಗೆ ಹಚ್ಚಿಕೊಳ್ಳುವ ಹೊಣೆಯೂ ಈಗ ಅವನದೇ ಆಯಿತು.

ಕಾರಿನಲ್ಲಿ ಕೂತು ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ. ನಾಚಿಕೆ ಎಂದರೆ ಮುಖ ಬಿಸಿಯಾಗುವುದು ಎಂದು ಅವನು ಇಷ್ಟು ದಿನ ತಿಳಿದಿದ್ದ. ಇದು ಬೇರೆ.  ಬಸದಿಯಲ್ಲಿ ಎದ್ದು ನಿಂತದ್ದು ನಾನು, ಆಶೀರ್ವಾದ ಪಡೆದದ್ದು ನಾನು, ಮದುವೆಮನೆಗಳಲ್ಲಿ ಹೆಸರು ನನ್ನದು. ಬಿಟ್ಟದ್ದು ಅವಳು, ಕೊನೆಗೆ ಸುಳ್ಳಿನ ಪಾಪವೂ ಅವಳ ಖಾತೆಗೇ ಎಂದುಕೊಂಡ. ಅಲ್ಲಿಂದಲೇ ವಹಾಬರಿಗೆ ಫೋನ್ ಮಾಡಿ ಬೇಡ, ಏನೂ ಬೇಡ, ಇರುವ ಐದೇ ಸಾಕು ಎಂದ. ವಹಾಬರು ಯಾಕೆ ಎಂದು ಕೇಳದೆ ಆಯ್ತು ವೀರಣ್ಣ ಎಂದರು.

ಮೂಡುಬಿದಿರೆಗೆ ವಾಪಸು ಬರುವ ದಾರಿಯಲ್ಲಿ ಮನಸ್ಸು ಸ್ವಲ್ಪ ಹಗುರಾಯಿತು. ಮನುಷ್ಯನ ಜಾತಿ ನೋಡಿ, ಮನೆ ಹತ್ತಿರ ಬರುವಷ್ಟರಲ್ಲಿ ತಾನೊಂದು ದೊಡ್ಡ ತ್ಯಾಗ ಮಾಡಿದ್ದೇನೆ ಎಂದೇ ಅವನಿಗೆ ಅನಿಸತೊಡಗಿತ್ತು. ಅನಂತಮತಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಅಕ್ಕಿ ಆರಿಸುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು, ಸಿದ್ಧಕಟ್ಟೆಗೆ ಹೋದದ್ದು ಹೇಳಿದ, ಎಣ್ಣೆಯ ಬಾಟಲಿ ತೋರಿಸಿದ, ಸ್ಪೀಕರ್ ಬೇಡ ಎಂದು ಹೇಳಿ ಆಯಿತು ಎಂದ. ಕೊನೆಯದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದ.

ಅವಳು ಅಕ್ಕಿಯಿಂದ ಕಣ್ಣೆತ್ತಲಿಲ್ಲ.

"ಉಯ್ಯಾಲೆ ಬರ್ತದಾ?"

"ಇಲ್ಲ. ಅಲ್ಲಿ ಅವರ ಅತ್ತೆ..."

"ಗೊತ್ತುಂಟು. ಕೊಟ್ಟದ್ದನ್ನು ನಾನು ಕೇಳುವುದೂ ಇಲ್ಲ." ಅವಳು ಗೆರಸೆ ಕೆಳಗಿಟ್ಟಳು. "ಮತ್ತೆ ಅದನ್ನು ಯಾಕೆ ಬೇಡ ಅಂದಿರಿ? ನನ್ನದು ಹೋಗಿ ಆಗಿದೆ. ಈಗ ನಿಮ್ಮದೂ ಬರುವುದಿಲ್ಲ ಅಂದರೆ ನನ್ನದು ಯಾತಕ್ಕೆ ಹೋದದ್ದು?"

 ನಾನು ತೆಗೆ ಅಂತ ಹೇಳಿದ್ದೇನಾ ಎಂಬ ಆ ಹಳೆಯ ಮಾತು, ಒಳಗೆ ಅಷ್ಟು ದಿನ ಉರುಹೊಡೆದದ್ದು, ಅವನ ಬಾಯಿಂದ ತಾನಾಗಿ ಹೊರಗೆ ಬಂತು. ಬಂದ ಕೂಡಲೇ ಬರಬಾರದಿತ್ತು ಎಂದು ಗೊತ್ತಾಯಿತು.

"ಇಲ್ಲ, ನೀವು ಹೇಳಲಿಲ್ಲ," ಎಂದಳು ಅನಂತಮತಿ. ಅವಳ ಸ್ವರ ಏರಲಿಲ್ಲ. "ಬಸದಿಯಲ್ಲೂ ಕೇಳಲಿಲ್ಲ, ಮನೆಯಲ್ಲೂ ಕೇಳಲಿಲ್ಲ. ಬಾಯಿಬಿಟ್ಟು ಕೇಳಿದ್ದರೆ ನಾನು ಕೊಡುವುದಿಲ್ಲ ಅಂತ ಹೇಳಬಹುದಿತ್ತು. ನೋಡ್ತಾ ಕೂತವರಿಗೆ ಏನಂತ ಹೇಳುವುದು?"

ಆಮೇಲೆ ಅವಳು ಗೆರಸೆ ಎತ್ತಿಕೊಂಡು, ನೀವು ವಹಾಬರಿಗೆ ಫೋನ್ ಮಾಡಿ, ತರಲಿಕ್ಕೆ ಹೇಳಿ ಎಂದಳು. ವೀರರಾಜ ಬೇಡ ಎಂದ. ಅವಳು ಇನ್ನೊಮ್ಮೆ ಹೇಳಿದಳು. ಅವಳು ಎರಡು ಸಲ ಹೇಳಿದ್ದನ್ನು ಮೀರುವ ಮುಖ ಅವನಿಗೆ ಉಳಿದಿರಲಿಲ್ಲ. ಫೋನ್ ಮಾಡಿದ. ವಹಾಬರು ಈಗಲೂ ಯಾಕೆ ಎಂದು ಕೇಳದೆ ಆಯ್ತು ವೀರಣ್ಣ ಎಂದರು, ಅದೇ ಸ್ವರದಲ್ಲಿ.

ಆ ಭಾನುವಾರ ಸ್ಪೀಕರುಗಳು ಬಂದವು. ಮಾಡಿನ ಕೊಂಡಿಗಳನ್ನು ಕತ್ತರಿಸಿ, ಆ ಜಾಗವನ್ನು ಸಿಮೆಂಟಿನಿಂದ ಮುಚ್ಚಿ, ಅಲ್ಲೇ ಎರಡು ದುಂಡನೆಯ ಬಿಳಿ ಸ್ಪೀಕರ್ ಕೂರಿಸಿದರು. ಕೊಂಡಿ ಕತ್ತರಿಸುವಾಗ ಕಿಡಿ ಹಾರಿ ಸೋಫಾದ ಮೇಲೆ ಬೀಳದ ಹಾಗೆ ಅನಂತಮತಿಯೇ ಹಳೆಯ ಬೆಡ್‌ಶೀಟ್ ತಂದು ಹೊದೆಸಿದಳು. ವೀರರಾಜ ಅಂಗಳದಲ್ಲಿ ನಿಂತಿದ್ದ, ಒಳಗೆ ಬರಲಿಲ್ಲ. ಕೆಲಸ ಮುಗಿಸಿ, ಸೋಫಾದ ನಡುವೆ ಕೂತರೆ ಸರಿಯಾಗಿ ಕೇಳುತ್ತದೆ ಎಂದು ತೋರಿಸಿ ವಹಾಬರು ಹೋದರು.

ಹೊತ್ತು ಮುಳುಗುವ ಮೊದಲು ಇಬ್ಬರೂ ಊಟ ಮಾಡಿದರು. ಅನಂತಮತಿ ಕೈ ಒರಸಿಕೊಂಡು ಬಂದು ಸೋಫಾದ ನಡುವೆ ಕೂತಳು, ಎರಡೂ ಕಾಲು ನೆಲದ ಮೇಲೆ ಜೋಡಿಸಿ ಇಟ್ಟು, ಬ್ಯಾಂಕಿನಲ್ಲಿ ಸರದಿಗೆ ಕಾಯುವವರ ಹಾಗೆ. ಹಾಕಿ ಎಂದಳು. ಅವನು ವಹಾಬರು ಬಿಟ್ಟುಹೋದ ಅದೇ ಕಾಡು, ಅದೇ ಮಳೆ ಹಾಕಿದ. ತಲೆಯ ಮೇಲೆ ಹುಯ್ಯಿತು. ಬೆನ್ನ ಹಿಂದೆ ತರಗೆಲೆ ಸದ್ದಾಯಿತು. ಅಂಗಡಿಯಲ್ಲಿ ಕೇಳಿದ್ದಕ್ಕಿಂತ ಚೆನ್ನಾಗಿತ್ತು, ಒಂದು ಹನಿ ಕೂಡ ತಪ್ಪಿಹೋಗದ ಹಾಗೆ. ವೀರರಾಜನಿಗೆ ಎದ್ದು ಆಫ್ ಮಾಡಬೇಕು ಅನಿಸಿತು. ಅವಳು ಕೇಳುತ್ತಿದ್ದಳು, ಪ್ರವಚನ ಕೇಳುವ ಹಾಗೆ, ಕೊನೆಯವರೆಗೂ.

"ಚೆಂದ ಉಂಟು," ಎಂದಳು. ಸುಳ್ಳಲ್ಲ. ಅವಳಿಗೆ ನಿಜವಾಗಿಯೂ ಚೆಂದ ಕಂಡಿತ್ತು, ಅದು ಅವಳ ಮುಖದಲ್ಲಿಯೇ ಇತ್ತು. ಅದನ್ನು ನೋಡಲು ಅವನಿಗೆ ಆಗಲಿಲ್ಲ.

ರಿಮೋಟನ್ನು ಕೈಯಲ್ಲಿ ಆಚೆ ಈಚೆ ತಿರುಗಿಸಿದ. ಒಂದು ಮಾತು ಕೇಳಬೇಕಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಬಾಯಿಬಿಟ್ಟು ಕೇಳದೆ ನಡೆದ ಎಷ್ಟೋ ಸಂಗತಿಗಳು ಒಟ್ಟಿಗೇ ನೆನಪಿಗೆ ಬಂದವು. ಕೊನೆಗೆ ಒಂದನ್ನು ಕೇಳಿದ.

"ನಿನಗೆ ಬೇಸರ ಉಂಟಾ?"

ಅನಂತಮತಿ ಅವನ ಕಡೆ ತಿರುಗಿದಳು.

"ಉಂಟು," ಎಂದಳು.

ಅವನು ತಲೆಯಾಡಿಸಿದ. ರಿಮೋಟನ್ನು ಕೆಳಗಿಟ್ಟ, ಇಬ್ಬರೂ ಹಾಗೆಯೇ ಕೂತಿದ್ದರು.